ಕೆರೆಯ ಜೊಂಡನ್ನೆಲ್ಲ ಕಿತ್ತರೆ ನೀರು ಶುದ್ಧವಾಗುತ್ತದೆಯೇ?

ಜೊಂಡು, ಕಳೆ ತುಂಬಿದ ಕೆರೆಯ ಫೋಟೊ ಒಂದು. ಜೆಸಿಬಿಯಿಂದ ಎಲ್ಲವನ್ನೂ ಕಿತ್ತ ಮೇಲೆ ಫಳಫಳ ಹೊಳೆಯುವ ನೀರಿನ ಫೋಟೊ ಇನ್ನೊಂದು. ಕೆಳಗೆ, ‘ಕೆರೆಗೆ ಮರುಜೀವ, ಎಲ್ಲರಿಗೂ ಶೇರ್ ಮಾಡಿ.’ ಇಂಥ ಫಾರ್ವರ್ಡ್ ನಿಮ್ಮ ಊರಿನ ಗ್ರೂಪಿಗೂ ಬಂದಿರಬಹುದು. ಇದು ನಿಜವೇ?

ಅರ್ಧ ಮಾತ್ರ ನಿಜ.

ತೇಲುವ ಕಳೆ ಅಂತರಗಂಗೆ ಕೆರೆಯನ್ನು ಪೂರ್ತಿ ಮುಚ್ಚಿದರೆ ಬಿಸಿಲು ಒಳಗಿಳಿಯುವುದಿಲ್ಲ. ನೀರಿನಲ್ಲಿ ಆಮ್ಲಜನಕ ಕಡಿಮೆಯಾಗಿ ಮೀನುಗಳು ಸಾಯುತ್ತವೆ. ಅದನ್ನು ತೆಗೆಯಲೇಬೇಕು. ಆದರೆ ಅದು ಅಷ್ಟು ಹುಲುಸಾಗಿ ಬೆಳೆಯುವುದು ಕೊಳಚೆ ನೀರಿನಲ್ಲಿರುವ ಸಾರಜನಕ, ರಂಜಕಗಳಿಂದ. ಚರಂಡಿ ನೀರು ನಿಲ್ಲದಿದ್ದರೆ ಕೆಲವೇ ತಿಂಗಳಲ್ಲಿ ಮತ್ತೆ ಹಬ್ಬುತ್ತದೆ.

ಅಂಚಿನಲ್ಲಿ ಬೇರೂರಿದ ಜೊಂಡಿನ ಕಥೆ ಬೇರೆ. ಅದು ನೀರಿನ ಓಟ ತಗ್ಗಿಸುತ್ತದೆ, ಕೆಸರು ತಳಕ್ಕಿಳಿಯುತ್ತದೆ. ಬೇರಿನ ಸುತ್ತಲಿನ ಬ್ಯಾಕ್ಟೀರಿಯಾಗಳು ಕೊಳೆಯನ್ನು ಒಡೆಯುತ್ತವೆ. ಹಕ್ಕಿಗಳು ಅಲ್ಲೇ ಗೂಡು ಕಟ್ಟುತ್ತವೆ.

ಬೆಂಗಳೂರಿನ ಜಕ್ಕೂರು ಕೆರೆಯಲ್ಲಿ ಇದನ್ನೇ ಬಳಸಿಕೊಂಡಿದ್ದಾರೆ. ಸಂಸ್ಕರಣಾ ಘಟಕದಿಂದ ಹೊರಬಂದ ನೀರು ಮೊದಲು ಜೊಂಡಿನ ಜೌಗಿನ ಮೂಲಕ ಹಾದು, ಆಮೇಲೆ ಕೆರೆ ಸೇರುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಈ ವ್ಯವಸ್ಥೆಯನ್ನು ಅಧ್ಯಯನ ಮಾಡಿದ್ದಾರೆ. ಅದೇ ನಗರದ ಬೆಳ್ಳಂದೂರು ಕೆರೆಗೆ ವರ್ಷಗಟ್ಟಲೆ ಕೊಳಚೆ ಹರಿದು ನೊರೆ ಎದ್ದಿತು. 2017ರ ಫೆಬ್ರವರಿಯಲ್ಲಿ ಅಲ್ಲಿ ಬೆಂಕಿಯೂ ಕಾಣಿಸಿಕೊಂಡಿತು.

ಹಾಗೆಂದು ಜೊಂಡನ್ನು ಮುಟ್ಟಲೇಬಾರದು ಎಂದಲ್ಲ. ಒಣಗಿ ಕೊಳೆತರೆ ಅದು ಹೀರಿದ ಪೋಷಕಾಂಶ ಮತ್ತೆ ನೀರಿಗೇ ಸೇರುತ್ತದೆ. ಆಗಾಗ ಕೊಯ್ದು ಹೊರಗೆ ಸಾಗಿಸಬೇಕು, ಬುಡಸಮೇತ ಕೀಳಬಾರದು.

ಕರಾವಳಿಯ ಪಾಠವೂ ಇದೇ. ಒಡಿಶಾದ ಚಿಲಿಕಾ ಸರೋವರದ ಸಮುದ್ರದ ಬಾಯಿ ಹೂಳಿನಿಂದ ಕಟ್ಟಿಕೊಂಡು ಉಪ್ಪಿನಂಶ ಇಳಿಯಿತು. ಸಿಹಿನೀರಿನ ಕಳೆ ಹಬ್ಬಿತು, ಮೀನು ಕಡಿಮೆಯಾಯಿತು. 2000ದ ಸೆಪ್ಟೆಂಬರ್‌ನಲ್ಲಿ ಹೊಸ ಬಾಯಿ ತೆರೆದ ಮೇಲೆ ಉಪ್ಪುನೀರು ಮರಳಿತು, ಕಳೆ ಹಿಂದೆ ಸರಿಯಿತು, ಮೀನು ಹೆಚ್ಚಿತು. 2002ರಲ್ಲಿ ಚಿಲಿಕಾವನ್ನು ರಾಮ್ಸರ್ ಒಪ್ಪಂದದ ಅಪಾಯದ ಪಟ್ಟಿಯಿಂದ ಕೈಬಿಡಲಾಯಿತು.

ಶಾಂತಿಗ್ರಾಮದ ಸುತ್ತಮುತ್ತಲ ಕೆರೆಗಳಿಗೂ ಇದು ಅನ್ವಯಿಸುತ್ತದೆ. ಹೂಳೆತ್ತುವುದು, ಕೆರೆಗೋಡನ್ನು ಹೊಲಕ್ಕೆ ಹೊಡೆಯುವುದು ಒಳ್ಳೆಯ ಕೆಲಸವೇ. ಆದರೆ ಅಂಚಿನ ಜೌಗನ್ನೂ ಬಗೆದು ಸುತ್ತ ಕಲ್ಲು ಕಟ್ಟಿದರೆ ಕೆರೆ ತನ್ನ ಜರಡಿಯನ್ನೇ ಕಳೆದುಕೊಳ್ಳುತ್ತದೆ. ಪಕ್ಕದ ಬಾವಿ, ಬೋರ್‌ವೆಲ್‌ಗಳಿಗೆ ಇಂಗುವುದೂ ಅದೇ ನೀರು.

ಮುಂದಿನ ಬಾರಿ ಇಂಥ ಫೋಟೊ ಬಂದರೆ, ಫಾರ್ವರ್ಡ್ ಮಾಡುವ ಮುನ್ನ ಮೂರು ಪ್ರಶ್ನೆ ಕೇಳಿ: ಚರಂಡಿ ನೀರು ನಿಂತಿದೆಯೇ? ರಾಜಕಾಲುವೆ, ಕೋಡಿ ತೆರೆದಿವೆಯೇ? ಅಂಚಿನಲ್ಲಿ ಸ್ವಲ್ಪವಾದರೂ ಜೊಂಡು ಉಳಿದಿದೆಯೇ?