ಫಲಿತಾಂಶದ ಪಟ್ಟಿಗೆ ಸಿಗದ ಮಕ್ಕಳು

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ಟಿವಿಯಲ್ಲಿ ಜಿಲ್ಲೆಗಳ ಪಟ್ಟಿ ಓಡುತ್ತದೆ. ಹೆಚ್ಚಿನ ವರ್ಷ ತುದಿಯಲ್ಲಿ ಕರಾವಳಿ, ತಳದಲ್ಲಿ ಕಲ್ಯಾಣ ಕರ್ನಾಟಕ. 2025ರಲ್ಲಿ ದಕ್ಷಿಣ ಕನ್ನಡಕ್ಕೆ ಶೇ 91.12, ಕಲಬುರಗಿಗೆ ಶೇ 42.43. ‘ಆ ಕಡೆ ಮೇಷ್ಟ್ರು ಪಾಠ ಮಾಡಲ್ಲ, ಮಕ್ಕಳು ಓದಲ್ಲ’ ಎಂದು ಹೇಳಿ ನಾವು ಚಾನೆಲ್ ಬದಲಿಸುತ್ತೇವೆ.

ಮೊದಲು ಆ ಶೇಕಡಾವಾರು ಏನನ್ನು ಅಳೆಯುತ್ತದೆ ಎಂದು ನೋಡೋಣ. ಪರೀಕ್ಷೆ ಬರೆದವರಲ್ಲಿ ಪಾಸಾದವರೆಷ್ಟು, ಅಷ್ಟೇ. ಒಂದು ಪ್ರೌಢಶಾಲೆಯಲ್ಲಿ ಎಂಟನೇ ತರಗತಿಗೆ 60 ಮಕ್ಕಳು ಸೇರಿದರು ಎಂದಿಟ್ಟುಕೊಳ್ಳಿ. ಹತ್ತನೇ ಪರೀಕ್ಷೆಗೆ ಕೂತವರು 42, ಪಾಸಾದವರು 36. ಶಾಲೆಯ ಗೇಟಿಗೆ ಕಟ್ಟುವ ಬ್ಯಾನರಿನಲ್ಲಿ ಶೇ 86 ಎಂದಿರುತ್ತದೆ. ಆದರೆ ಸೇರಿದವರಲ್ಲಿ ಮೂರು ವರ್ಷದಲ್ಲಿ ಮುಗಿಸಿದವರು ಶೇ 60 ಮಾತ್ರ. ನಡುವೆ ಕಳಚಿಕೊಂಡ ಹದಿನೆಂಟು ಮಕ್ಕಳನ್ನು ಯಾವ ಬ್ಯಾನರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಫಲಿತಾಂಶ ಕೆಡುತ್ತದೆಂಬ ಭಯಕ್ಕೆ ಹಿಂದುಳಿದ ಮಕ್ಕಳನ್ನು ಒಂಬತ್ತನೆಯದರಲ್ಲೇ ತಡೆಯುವ ಚಾಳಿಯೂ ಕೆಲವೆಡೆ ಇದೆ. ಹಾಗೆ ಮಾಡಿದಷ್ಟೂ ಶೇಕಡಾವಾರು ಏರುತ್ತದೆ!

ಅಮೆರಿಕದ ರಾಜ್ಯಗಳು 2010–11ರಿಂದ ಬೇರೆ ಲೆಕ್ಕ ಇಟ್ಟಿವೆ. ಒಂಬತ್ತನೇ ತರಗತಿಗೆ ಹೊಸದಾಗಿ ಸೇರಿದವರ ಇಡೀ ತಂಡವನ್ನು ಹಿಡಿದು, ಬೇರೆ ಶಾಲೆಗೆ ವರ್ಗವಾದವರು, ದೇಶ ಬಿಟ್ಟವರು, ತೀರಿಕೊಂಡವರನ್ನು ಕಳೆದು, ಹೊಸದಾಗಿ ಬಂದವರನ್ನು ಕೂಡಿಸಿ, ನಾಲ್ಕು ವರ್ಷದಲ್ಲಿ ಹೈಸ್ಕೂಲು ಮುಗಿಸಿದವರೆಷ್ಟು ಎಂದು ಎಣಿಸುತ್ತಾರೆ. ಶಾಲೆ ಬಿಟ್ಟ ಮಗು ಅಲ್ಲಿ ಶಾಲೆಯ ಸೋಲಾಗಿಯೇ ಉಳಿಯುತ್ತದೆ. ನಮ್ಮಲ್ಲೂ ಪ್ರತಿ ಮಗುವಿಗೆ ಅದರ ಓದಿನ ಜಾಡು ಹಿಡಿಯುವ ಎಸ್‌ಎಟಿಎಸ್ ಸಂಖ್ಯೆ ಇದೆ. ಇಂಥ ಲೆಕ್ಕ ತೆಗೆಯುವುದು ಕಷ್ಟವೇನಲ್ಲ.

ಪರೀಕ್ಷೆ ಎಷ್ಟು ಬಿಗಿ ಎಂಬುದೂ ಅಂಕಿಯನ್ನು ಅಲುಗಿಸುತ್ತದೆ. 2023ರಲ್ಲಿ ಚಿತ್ರದುರ್ಗ ಶೇ 96.8ರೊಂದಿಗೆ ಮೊದಲು, ಯಾದಗಿರಿ ಶೇ 75.49ರೊಂದಿಗೆ ಕೊನೆ, ಅಂತರ ಇಪ್ಪತ್ತೊಂದು. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಕ್ಯಾಮೆರಾ ಬಂತು. ಕೃಪಾಂಕ ಹೆಚ್ಚಿಸಿಯೂ ರಾಜ್ಯದ ಫಲಿತಾಂಶ ಶೇ 83.89ರಿಂದ 73.40ಕ್ಕೆ ಇಳಿಯಿತು. ಉಡುಪಿ ಶೇ 94ರೊಂದಿಗೆ ಮೇಲೆ, ಯಾದಗಿರಿ ಶೇ 50.59ರೊಂದಿಗೆ ಕೆಳಗೆ, ಅಂತರ ನಲವತ್ಮೂರು. ಒಂದೇ ವರ್ಷದಲ್ಲಿ ಯಾದಗಿರಿಯ ಮಕ್ಕಳು ದಡ್ಡರಾಗಲಿಲ್ಲ. ಮೊದಲಿಂದ ಇದ್ದ ಕಂದಕಕ್ಕೆ ಹಾಸಿದ್ದ ಚಾಪೆಯನ್ನು ಕ್ಯಾಮೆರಾ ಎತ್ತಿತು ಎಂಬುದೇ ನನ್ನ ಎಣಿಕೆ.

ಹಾಗಾದರೆ ಕಂದಕ ಬಿದ್ದದ್ದು ಎಲ್ಲಿ? ಬಹುಪಾಲು ಹಾಜರಿ ಪುಸ್ತಕದಲ್ಲಿ. ದಸರಾ ಕಳೆಯುತ್ತಲೇ ಬಿಸಿಲುನಾಡಿನ ಹಳ್ಳಿಗಳಲ್ಲಿ ಹತ್ತಿ ಬಿಡಿಸುವ ಕೆಲಸ ಶುರು. ಅದು ಮುಗಿಯುವ ಹೊತ್ತಿಗೆ ಮೆಣಸಿನಕಾಯಿ. ತಾಂಡಾಗಳಿಂದ ಕಬ್ಬು ಕಡಿಯಲು ಹೋದ ಕುಟುಂಬ ಮರಳುವುದು ಬೇಸಿಗೆಗೆ. ಬೆಂಗಳೂರು, ಪುಣೆ, ಗೋವಾಕ್ಕೆ ಗುಳೆ ಹೋದವರದೂ ಇದೇ ಪಾಡು. ಪೂರ್ವಸಿದ್ಧತಾ ಪರೀಕ್ಷೆ, ವಿಶೇಷ ತರಗತಿ, ಪುನರಾವರ್ತನೆ ಎಲ್ಲ ಬರುವುದು ಇದೇ ತಿಂಗಳುಗಳಲ್ಲಿ. ಮನೆಯಲ್ಲಿ ಉಳಿದ ಹುಡುಗಿಗೆ ತಮ್ಮ, ಅಜ್ಜಿ, ಎಮ್ಮೆ ಮೂರನ್ನೂ ನೋಡಿಕೊಳ್ಳುವ ಕೆಲಸ. ಆದರೆ ಪರೀಕ್ಷೆಗೆ ಕೂರಲು ಶೇ 75 ಹಾಜರಿ ಬೇಕು.

ಎಂಟನೇ ತರಗತಿಯಲ್ಲೇ ಇನ್ನೊಂದು ಎಡವು. ಊರಿನ ಹಿರಿಯ ಪ್ರಾಥಮಿಕ ಶಾಲೆ ಸಾಮಾನ್ಯವಾಗಿ ಏಳಕ್ಕೆ ನಿಲ್ಲುತ್ತದೆ, ಹೈಸ್ಕೂಲು ಪಕ್ಕದೂರಿನಲ್ಲಿ. ಬಸ್ಸು ಹೊತ್ತಿಗೆ ಬಾರದಿದ್ದರೆ ಮೊದಲು ಶಾಲೆ ಬಿಡುವವಳು ಹುಡುಗಿ. 2006ರಲ್ಲಿ ಎಂಟನೇ ತರಗತಿಗೆ ಸೈಕಲ್ ಕೊಡಲು ಶುರು ಮಾಡಿದ್ದು ಇದಕ್ಕೇ. ಆ ಯೋಜನೆ ಮುಂದೆ ನಿಂತುಹೋಯಿತು. ಕಡ್ಡಾಯ ಶಿಕ್ಷಣದ ಕಾಯ್ದೆ ಕಾಯುವುದೂ ಹದಿನಾಲ್ಕು ವರ್ಷದವರೆಗೆ, ಎಂಟನೆಯದರವರೆಗೆ. ಮುಂದಿನ ಎರಡು ವರ್ಷ ಮಗುವನ್ನು ಹಿಡಿದಿಡುವುದು ಬಿಸಿಯೂಟ ಮತ್ತು ಒಳ್ಳೆಯ ಹೆಡ್‌ಮಾಸ್ತರು ಮಾತ್ರ.

ಗಣಿತ, ಇಂಗ್ಲಿಷ್, ವಿಜ್ಞಾನದ ಹುದ್ದೆ ಖಾಲಿ ಬಿದ್ದರೆ ಅತಿಥಿ ಶಿಕ್ಷಕರು ಬರುವುದು ಶಾಲೆ ಶುರುವಾಗಿ ಎಷ್ಟೋ ದಿನಕ್ಕೆ. ಮನೆಯಲ್ಲಿ ಲಂಬಾಣಿ ಇಲ್ಲವೇ ತೆಲುಗು, ಶಾಲೆಯಲ್ಲಿ ಪುಸ್ತಕದ ಕನ್ನಡ ಎಂಬ ಕಷ್ಟವೂ ಗಡಿ ಜಿಲ್ಲೆಗಳಲ್ಲಿ ಉಂಟು.

ಎಲ್ಲಕ್ಕಿಂತ ಹಳೆಯ ಕಾರಣ ಅಪ್ಪ ಅಮ್ಮನ ಓದು. 2011ರ ಜನಗಣತಿಯಲ್ಲಿ ದಕ್ಷಿಣ ಕನ್ನಡದ ಸಾಕ್ಷರತೆ ಶೇ 88 ದಾಟಿತ್ತು, ಯಾದಗಿರಿಯದು ಶೇ 52ರ ಆಸುಪಾಸು. ಅಂದು ಎಣಿಕೆಗೆ ಸಿಕ್ಕ ಎಳೆಯ ತಾಯಂದಿರ ಮಕ್ಕಳೇ ಈಗ ಹತ್ತನೇ ಬರೆಯುತ್ತಿರುವುದು. ಈ ಅಂತರಕ್ಕೆ ಇತಿಹಾಸವೂ ಇದೆ: ಶಾಲೆಗಳನ್ನು ತೆರೆದ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಕೆಲಸ ಶುರು ಮಾಡಿದ್ದು 1834ರಲ್ಲಿ. ಹಿಂದುಳಿದ ಕಲ್ಯಾಣ ಕರ್ನಾಟಕಕ್ಕೆ 371ಜೆ ವಿಧಿಯ ವಿಶೇಷ ಸ್ಥಾನ ಸಿಕ್ಕಿದ್ದು ಸಂವಿಧಾನದ 2012ರ ತಿದ್ದುಪಡಿಯಿಂದ.

ಫೇಲಾದ ಮಗುವಿಗೆ ಈಗ ಒಂದು ಅನುಕೂಲ ಇದೆ. 2023–24ರಲ್ಲಿ ವರ್ಷಕ್ಕೆ ಮೂರು ಪರೀಕ್ಷೆಯ ಪದ್ಧತಿ ಬಂತು. ಮೊದಲನೆಯದರಲ್ಲಿ ಫೇಲಾಗಿ ಮುಂದಿನದರಲ್ಲಿ ಪಾಸಾದರೂ ವರ್ಷ ಉಳಿಸಿಕೊಳ್ಳಬಹುದು. ಆದರೆ ಅದು ಪರೀಕ್ಷೆಯವರೆಗೆ ಬಂದವರಿಗೆ.

ನಿಮ್ಮೂರ ಹೈಸ್ಕೂಲಿನ ಶಾಲಾಭಿವೃದ್ಧಿ ಸಮಿತಿಯ ಸಭೆಗೆ ಹೋದರೆ ಶೇಕಡಾ ಎಷ್ಟು ಬಂತು ಎಂದು ಕೇಳಬೇಡಿ. ಈ ಹತ್ತನೆಯವರು ಎಂಟಕ್ಕೆ ಸೇರಿದಾಗ ಎಷ್ಟು ಮಂದಿ ಇದ್ದರು, ಟಿ.ಸಿ. ಪಡೆಯದೆ ಕಾಣೆಯಾದವರು ಯಾರು ಯಾರು ಎಂದು ಹೆಸರು ಹಿಡಿದು ಕೇಳಿ.