ಕ್ಷ-ಕಿರಣದ ಕೋಣೆಯಲ್ಲಿ ಕಲಿಯತಕ್ಕ ಪಾಠ

೧೮೯೫ರಲ್ಲಿ ಜರ್ಮನಿಯ ರಾಂಟ್ಜನ್ ಪಂಡಿತನು ಕಂಡುಹಿಡಿದ ಕ್ಷ-ಕಿರಣದ ಉಪಯೋಗವನ್ನು ವಾಚಕರು ಬಲ್ಲರು. ಆದರೆ ಆ ಯಂತ್ರವನ್ನು ನಡೆಯಿಸಲು ಕಲಿಯುವ ವಿದ್ಯಾರ್ಥಿಯು ಪುಸ್ತಕದಿಂದಲೇ ಪಳಗಲಾರನು. ಆಸ್ಪತ್ರೆಯಲ್ಲಿ ಹಿರಿಯರ ಕೈಕೆಳಗೆ, ರೋಗಿಗಳ ನಡುವೆಯೇ ಕಲಿಯಬೇಕು. ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಗೆ ಈ ಮಾತು ವಿಶೇಷವಾಗಿ ಸಲ್ಲುವುದು.

ಬಿಳಿಗಿರಿರಂಗನ ಬೆಟ್ಟದಿಂದ ಇಳಿದುಬಂದ ಸೋಲಿಗರ ಹೆಂಗಸಿಗೆ ಎದೆಯ ಚಿತ್ರ ತೆಗೆಯುವಾಗ, “ಉಸಿರು ಹಿಡ್ಕಳವ್ವ” ಎಂದು ಆಕೆಗೆ ತಿಳಿಯುವ ನುಡಿಯಲ್ಲಿ ಹೇಳದಿದ್ದರೆ ಚಿತ್ರವು ಮಸುಕಾಗುವುದು. ಮತ್ತೊಮ್ಮೆ ಕಿರಣವನ್ನು ಹಾಯಿಸಬೇಕಾಗುವುದು. ಬಸುರಿಯೇ ಎಂದು ಮೊದಲು ವಿಚಾರಿಸದಿದ್ದರೆ, ತಿಳಿಯದೆಯೇ ಗರ್ಭದ ಶಿಶುವಿಗೂ ಕಿರಣವು ತಗಲಬಹುದು. ಮರೆಮಾಡಿ ಮೆಲ್ಲನೆ ಕೇಳುವ ಈ ನಯವನ್ನು ಯಾವ ಯಂತ್ರವೂ ಕಲಿಸದು.

ಆದುದರಿಂದ ಹಿರಿಯರ ಎದುರಿನಲ್ಲಿ ವಿದ್ಯಾರ್ಥಿಯು ಪ್ರಶ್ನಿಸಿದಾಗ ಬೇಸರಿಸದೆ, ಸಂಕೋಚಪಡದೆ ಉತ್ತರವೀಯಬೇಕೆಂದು ಗೃಹಸ್ಥರನ್ನೂ ಗೃಹಿಣಿಯರನ್ನೂ ಪ್ರಾರ್ಥಿಸುತ್ತೇವೆ. ಅವರ ಕಲಿಕೆಯಲ್ಲಿ ನಮ್ಮ ಮನೆಯವರ ಕ್ಷೇಮವೂ ಅಡಗಿರುವುದು.