ತಗ್ಗಿದ ಮೂಗಿನ ಟ್ರಕ್

ಅಮೆರಿಕದ ಹಳೆಯ ಪಿಕಪ್ ಟ್ರಕ್ಕನ್ನು ಪಕ್ಕದಿಂದ ನೋಡಿ. ಮೂಗು ತಗ್ಗಿಸಿ, ಹಿಂಭಾಗ ಎತ್ತಿ ನಿಂತಿರುತ್ತದೆ. ಇದು ಕಾರ್ಖಾನೆಯವರ ತಪ್ಪಲ್ಲ, ಲೆಕ್ಕಾಚಾರ. ಹಿಂದಿನ ತೊಟ್ಟಿಗೆ ಮರಳೋ ಹುಲ್ಲಿನ ಪಿಂಡಿಯೋ ಬಿದ್ದಾಗ ಕಮಾನುಪಟ್ಟಿ ಬಗ್ಗಿ ಗಾಡಿ ಸಮಕ್ಕೆ ಬರಬೇಕು. ಆದರೆ ಖಾಲಿ ತೊಟ್ಟಿಯಲ್ಲೇ ಓಡಾಡುವ ಮಾಲೀಕನಿಗೆ ಆ ವಾಲು ಕಣ್ಣಿಗೆ ಚುಚ್ಚುತ್ತದೆ. ಮುಂದೆ ಇನ್ನಷ್ಟು ದೊಡ್ಡ ಟೈರ್ ಹಾಕುವ ಆಸೆಯೂ ಇರುತ್ತದೆ. ಹಾಗಾಗಿ ಮುಂಭಾಗವನ್ನು ಎರಡು ಇಂಚಿನಷ್ಟು ಎತ್ತಿ ಗಾಡಿಯನ್ನು ಮಟ್ಟಸ ಮಾಡುವುದು ಅಲ್ಲಿ ದೊಡ್ಡ ಹವ್ಯಾಸ.

ಅದಕ್ಕೆಷ್ಟು ದುಡ್ಡು ಬೇಕೆಂಬುದು ಮುಂದಿನ ಚಕ್ರಗಳ ಸ್ಪ್ರಿಂಗ್ ಯಾವ ಬಗೆಯದು ಎನ್ನುವುದರ ಮೇಲಿದೆ. 1994ರಿಂದ 2001ರವರೆಗಿನ ಫೋರ್ ವೀಲ್ ಡ್ರೈವ್ ಡಾಡ್ಜ್ ರ‍್ಯಾಮ್ 1500ಕ್ಕೆ ಸುರುಳಿ ಸ್ಪ್ರಿಂಗ್ ಮೇಲೊಂದು ದಪ್ಪ ಬಿಲ್ಲೆ ಕೂರಿಸಿದರೆ ಆಯಿತು. ಎಲ್ಲಕ್ಕಿಂತ ಅಗ್ಗದ್ದು ಷೆವರ್ಲೆ ಕೆ1500. 1988ರ ಮಾದರಿಯಿಂದ ಅದರ ಮುಂಭಾಗದಲ್ಲಿ ಇಡೀ ಆಕ್ಸಲ್ಲೂ ಇಲ್ಲ, ಕಮಾನುಪಟ್ಟಿಯೂ ಇಲ್ಲ. ಅವುಗಳ ಜಾಗಕ್ಕೆ ಟಾರ್ಷನ್ ಬಾರ್ ಬಂತು. ಎರಡೂ ಬದಿ ಒಂದೊಂದು ಬೋಲ್ಟ್ ತಿರುಗಿಸಿದರೆ ಸಾಕು, ಟ್ರಕ್ ಏಳುತ್ತದೆ. ಖರ್ಚು ಸೊನ್ನೆ ಎನ್ನುವವರಿದ್ದಾರೆ. ಅದು ಅರ್ಧ ಮಾತ್ರ ನಿಜ.

ಟಾರ್ಷನ್ ಬಾರ್ ಎಂದರೆ ಉದ್ದನೆಯ ಉಕ್ಕಿನ ಸರಳು, ಅಷ್ಟೇ. ಅದರ ಮುಂದಿನ ತುದಿ ಚಕ್ರವನ್ನು ಹಿಡಿದ ಕೆಳತೋಳಿಗೆ ಸೇರಿದೆ; ಹಿಂದಿನ ತುದಿ ಚಾಸಿಯ ಅಡ್ಡಪಟ್ಟಿಯೊಳಗೆ 'ಕೀ' ಎಂಬ ಸಣ್ಣ ಹಿಡಿಗೆ. ಚಕ್ರ ಮೇಲೆದ್ದಾಗ ಸರಳು ಒದ್ದೆ ಬಟ್ಟೆ ಹಿಂಡಿದಂತೆ ತಿರುಚಿಕೊಳ್ಳುತ್ತದೆ, ಬಿಟ್ಟಾಗ ಮರಳುತ್ತದೆ. ಫರ್ಡಿನಾಂಡ್ ಪೋರ್ಶೆ 1931ರಲ್ಲೇ ಇದಕ್ಕೆ ಪೇಟೆಂಟ್ ಮಾಡಿಸಿದ್ದರು. ಫೋಕ್ಸ್‌ವ್ಯಾಗನ್ ಬೀಟಲ್ ನಿಂತದ್ದೂ ಇದರ ಮೇಲೆಯೇ. ನಮ್ಮ ಹಳೆಯ ಟಾಟಾ ಸಫಾರಿಗಳ ಮುಂದಿನ ಚಕ್ರಗಳನ್ನು ಬಿಚ್ಚಿದ ಗ್ಯಾರೇಜಿನವರಿಗೂ ಇದು ಪರಿಚಿತ.

ಈಗ ಕುತೂಹಲದ ಸಂಗತಿ. ಬೋಲ್ಟ್ ಬಿಗಿದರೆ ಸರಳು ಇನ್ನಷ್ಟು ತಿರುಚಿಕೊಂಡು ಗಡುಸಾಗುತ್ತದೆ ಎಂದೇ ಬಹಳ ಜನ ನಂಬಿದ್ದಾರೆ. ಹಾಗಾಗುವುದಿಲ್ಲ. ಸರಳಿನ ಗಡಸುತನ ನಿರ್ಧಾರವಾಗುವುದು ಉಕ್ಕಿನ ಗುಣ, ಉದ್ದ ಮತ್ತು ದಪ್ಪದಿಂದ. ದಪ್ಪದ ಪಾತ್ರವಂತೂ ನಾಲ್ಕನೇ ಘಾತದ್ದು: ವ್ಯಾಸ ಶೇ. 10 ಹೆಚ್ಚಿದರೆ ಗಡಸು ಶೇ. 46 ಏರುತ್ತದೆ. ಬೋಲ್ಟ್ ಇವ್ಯಾವುದನ್ನೂ ಮುಟ್ಟುವುದಿಲ್ಲ. ನಿಂತ ಗಾಡಿಯಲ್ಲಿ ಸರಳು ಎಷ್ಟು ತಿರುಚಿರಬೇಕು ಎಂಬುದನ್ನು ಹೇಳುವುದು ಮೇಲಿನ ಭಾರ. ಭಾರ ಬದಲಾಗಿಲ್ಲ, ಹಾಗಾಗಿ ತಿರುಚೂ ಹೆಚ್ಚುಕಡಿಮೆ ಅಷ್ಟೇ. ಬೋಲ್ಟ್ ಒತ್ತುವುದು ಕೀಯನ್ನು; ಕೀ ತಿರುಗಿದಷ್ಟು ಇಡೀ ಸರಳೇ ತಿರುಗುತ್ತದೆ, ತೋಳು ಕೆಳಕ್ಕೆ ಚಾಚುತ್ತದೆ, ಮೂಗು ಮೇಲೇಳುತ್ತದೆ.

ಹಾಗಿದ್ದರೆ ಎತ್ತಿದ ಟ್ರಕ್ ಕುಲುಕುವುದೇಕೆ? ತೋಳಿಗೆ ಮೇಲಕ್ಕೂ ಕೆಳಕ್ಕೂ ಇಂತಿಷ್ಟೇ ಆಟ. ಎರಡು ಇಂಚು ಎತ್ತಿದಿರೆಂದರೆ ಕೆಳಗಿನ ಆಟದಿಂದ ಅಷ್ಟನ್ನು ತಿಂದುಹಾಕಿದಿರಿ. ಚಕ್ರ ಗುಂಡಿಗೆ ಇಳಿಯುವಷ್ಟರಲ್ಲಿ ಮೇಲಿನ ತೋಳು ರಬ್ಬರ್ ತಡೆಗೆ ಬಡಿಯುತ್ತದೆ. 'ಸ್ಪ್ರಿಂಗ್ ಗಡುಸಾಯಿತು' ಎಂದು ನಾವು ದೂರುವುದು ಆ ಬಡಿತವನ್ನು. ಚಕ್ರಕ್ಕೆ ಶಕ್ತಿ ಒಯ್ಯುವ ಸಿವಿ ಜಾಯಿಂಟುಗಳೂ ಓರೆ ಕೋನದಲ್ಲಿ ತಿರುಗಿ ಬೇಗ ಸವೆಯುತ್ತವೆ. ಇನ್ನಷ್ಟು ಎತ್ತರ ಬೇಕೆಂದು ಬೇರೆ ಕೋನದ ಕೀ ಮಾರುತ್ತಾರಲ್ಲ, ಅದು ಮಾಡುವುದೂ ಇದನ್ನೇ. ಬೋಲ್ಟಿಗೆ ಸ್ವಲ್ಪ ಹೆಚ್ಚು ಜಾಗ ಸಿಗುತ್ತದೆ ಅಷ್ಟೆ. ಹಳೆಯ ಕೀ ಆ ಎತ್ತರ ಕೊಡುತ್ತಿದ್ದರೆ ಹೊಸದಕ್ಕೆ ದುಡ್ಡು ಹಾಕುವುದು ದಂಡ.

ಕೀ ಬದಲಿಸಲೇಬೇಕೆಂದರೆ ಸರಳಿನ ಒತ್ತಡ ಇಳಿಸುವ ಉಪಕರಣವನ್ನೇ ಬಳಸಬೇಕು. ಆ ಸರಳು ಟ್ರಕ್ಕಿನ ಒಂದು ಮೂಲೆಯನ್ನೇ ಹೊತ್ತಿದೆ. ಸಿಕ್ಕಿದ ಕ್ಲಾಂಪ್ ಸಿಕ್ಕಿಸಿ, ಅದು ಜಾರಿತೋ, ಕೈಬೆರಳುಗಳ ಕಥೆ ಮುಗಿಯಿತು. ಬರೀ ಬೋಲ್ಟ್ ತಿರುಗಿಸುವವರೂ ಮೊದಲು ಚಾಸಿಯನ್ನು ಜಾಕ್ ಮೇಲೆತ್ತಿ ಸ್ಟ್ಯಾಂಡ್ ಕೊಡಬೇಕು, ಬೋಲ್ಟಿನ ಮರೆಗೆ ಗ್ರೀಸ್ ಹಚ್ಚಬೇಕು.

ಅಳತೆ ತೆಗೆಯುವುದು ನೆಲದಿಂದಲ್ಲ, ಚಕ್ರದ ನಡುವಿನಿಂದ ಫೆಂಡರಿನ ಅಂಚಿಗೆ. ಆಗ ಟೈರಿನ ಗಾಳಿ ಲೆಕ್ಕ ಕೆಡಿಸುವುದಿಲ್ಲ. ಎಡಬದಿ ತುಸು ಕುಸಿದಿದ್ದರೆ ಬೆರಗಾಗಬೇಡಿ: ಈ ಟ್ರಕ್ಕಿನ ಡ್ರೈವರ್ ಕೂರುವುದು ಎಡಕ್ಕೆ, ಇಂಧನ ಟ್ಯಾಂಕ್ ಇರುವುದೂ ಎಡಕ್ಕೆ. ತಿರುಗಿಸಿದ ಮೇಲೆ ಸ್ವಲ್ಪ ದೂರ ಓಡಿಸಿ ಗಾಡಿ ಕೂತುಕೊಂಡ ಬಳಿಕ ಮತ್ತೆ ಅಳೆಯಬೇಕು. ಆಮೇಲೆ ವೀಲ್ ಅಲೈನ್‌ಮೆಂಟ್. 'ಸೊನ್ನೆ ಖರ್ಚು' ಎಂಬ ಮಾತು ಬಿದ್ದುಹೋಗುವುದು ಇಲ್ಲಿಯೇ. ಎತ್ತರ ಬದಲಾದರೆ ಚಕ್ರದ ವಾಲು, ದಿಕ್ಕು ಎರಡೂ ಬದಲಾಗುತ್ತವೆ. ಅಲೈನ್‌ಮೆಂಟಿನ ದುಡ್ಡು ಉಳಿಸಿದವರು ಅದರ ಎಷ್ಟೋ ಪಟ್ಟನ್ನು ಟೈರಿಗೆ ಸುರಿಯುತ್ತಾರೆ.

ನನ್ನ ಅಭಿಪ್ರಾಯದಲ್ಲಿ ಮೂವತ್ತು ವರ್ಷ ದಾಟಿದ ಟ್ರಕ್ಕಿಗೆ ಬೇಕಿರುವುದು ಎತ್ತುವುದಲ್ಲ, ಕಾಲಕ್ರಮದಲ್ಲಿ ಕುಸಿದದ್ದನ್ನು ಕಾರ್ಖಾನೆಯ ಎತ್ತರಕ್ಕೆ ಮರಳಿಸುವುದು. ಅದಕ್ಕಿಂತ ಒಂದು ಇಂಚು ಹೆಚ್ಚಾದರೆ ಸಹ್ಯ. ಪೂರ್ತಿ ಮಟ್ಟಸ ಮಾಡಿದ ಗಾಡಿಗೆ ಹೊರೆ ಹೇರಿ ನೋಡಿ, ಹಿಂಭಾಗ ಕುಸಿದು ಮೂಗು ಆಕಾಶ ನೋಡುತ್ತದೆ. ಬೇಕೆಂದೇ ಹಾಗೆ ನಿಲ್ಲಿಸುವ ಶೋಕಿ ಎಷ್ಟು ಬೆಳೆಯಿತೆಂದರೆ ನಾರ್ತ್ ಕೆರೊಲಿನಾ ರಾಜ್ಯ 2021ರಲ್ಲಿ ಕಾನೂನನ್ನೇ ತಂದು, ಮುಂದಿನ ಫೆಂಡರ್ ಹಿಂದಿನದಕ್ಕಿಂತ 4 ಇಂಚು ಮೇಲಿರುವಂತೆ ಮಾರ್ಪಡಿಸುವುದನ್ನು ನಿಷೇಧಿಸಿತು.

ಕೊನೆಗೆ ಹೆಡ್‌ಲೈಟು. ಮುಂದಿನ, ಹಿಂದಿನ ಚಕ್ರಗಳ ನಡುವೆ ಸುಮಾರು 3 ಮೀಟರ್ ಅಂತರವಿರುವ ಗಾಡಿಯ ಮುಂಭಾಗ 5 ಸೆಂಟಿಮೀಟರ್ ಎದ್ದರೆ ಬೆಳಕು ಸುಮಾರು ಒಂದು ಡಿಗ್ರಿ ಮೇಲೇಳುತ್ತದೆ. ಕೇಳಲು ಅಲ್ಪ. ಆದರೆ 30 ಮೀಟರ್ ದೂರದಲ್ಲಿ ಅದು ಅರ್ಧ ಮೀಟರಿಗೂ ಹೆಚ್ಚು, ಅಂದರೆ ಎದುರಿನಿಂದ ಬರುವವರ ಕಣ್ಣಿಗೇ. ದೀಪದ ಹಿಂದಿನ ಸ್ಕ್ರೂ ತಿರುಗಿಸಿ ಬೆಳಕನ್ನು ಇಳಿಸಲು ಬೇಕಿರುವುದು ಒಂದು ಗೋಡೆ ಮತ್ತು ಕಾಲು ಗಂಟೆ. ಅದನ್ನು ಮುಗಿಸದೆ ಆ ಟ್ರಕ್ಕನ್ನು ರಾತ್ರಿ ರಸ್ತೆಗಿಳಿಸಬೇಡಿ.